ಹಂಚಿನ ಮೇಲಿನ ಸಿಗಾರ್

ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಸಿಗಾರ್ ಇಟ್ಟು ಮಾರುವವರು ಕಡಿಮೆ. ಪ್ರಸಾದ ಅವರಲ್ಲಿ ಒಬ್ಬರು. ಅವರ ಅಂಗಡಿಯ ಹಿಂಭಾಗದಲ್ಲಿ ಸಿಗಾರ್‌ಗಳು ಒಣಗದಂತೆ ಕಾಯುವ ಒಂದು ಗಾಜಿನ ಕಪಾಟಿದೆ. ಅದರ ಮುಂದೆ ಬಂದು ನಿಲ್ಲುವವರು ನಿವೃತ್ತ ಸೇನಾಧಿಕಾರಿಗಳು, ಗಾಲ್ಫ್ ಆಡುವ ವೈದ್ಯರು, ಫೌಂಡ್ರಿ ಮಾಲೀಕರು, ಗೋವಾಕ್ಕೆ ಹೊರಟ ಮದುಮಗನ ಗೆಳೆಯರು. ತಪ್ಪದೆ ಬರುವ ಗಿರಾಕಿ ಯಾರೆಂದು ಕೇಳಿದರೆ ಪ್ರಸಾದ ಇವರಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ರವಿವಾರ ಪೇಟೆಯ ಗುರುಪಾದಪ್ಪ ಅವರ ಹೆಸರು ಹೇಳುತ್ತಾರೆ.

ಗುರುಪಾದಪ್ಪ ಅವರಿಗೆ ಅರವತ್ತಾರು. ಬಿಳಿ ಧೋತರ, ಬಿಳಿ ಟೋಪಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಕಪಾಟಿನ ಮುಂದೆ ನಿಂತು ಸಿಗಾರ್‌ಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕುತ್ತಾರೆ. ಆಮೇಲೆ ಬೇಕಾದಷ್ಟನ್ನು ಆರಿಸಿ ಕೈಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.

“ಒಂದ ಸಲ ಲೈಟರ್ ಪುಕ್ಕಟ ಕೊಟ್ಟೆ” ಎಂದು ಪ್ರಸಾದ ಹೇಳುತ್ತಾರೆ. “ಬ್ಯಾಡ್ರಿ, ಮನ್ಯಾಗ ಗ್ಯಾಸ್ ಐತಿ ಅಂದ್ರು.”

ಅದು ನಿಜವೇ. ಗುರುಪಾದಪ್ಪ ಈವರೆಗೆ ಸಿಗಾರ್ ಇರಲಿ, ಬೀಡಿಯನ್ನೂ ಬಾಯಿಗಿಟ್ಟವರಲ್ಲ. ಅವರು ಕೊಂಡ ಸಿಗಾರ್‌ಗಳೆಲ್ಲ ಮಹಾಂತೇಶ ನಗರದ ಅವರ ಮನೆಯ ಹಿತ್ತಲಲ್ಲಿ, ಗ್ಯಾಸ್ ಒಲೆಯ ಮೇಲಿಟ್ಟ ಮಣ್ಣಿನ ಹಂಚಿನಲ್ಲಿ ಹುರಿದು, ಪುಡಿಯಾಗಿ, ಅವರ ತಾಯಿ ಗೌರವ್ವ ಅವರ ಹಲ್ಲಿಗೆ ಹೋಗುತ್ತವೆ.

ಈ ಪುಡಿಗೆ ಮಿಶ್ರಿ ಎನ್ನುತ್ತಾರೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ನುಣ್ಣಗೆ ತಿಕ್ಕಿ, ಎಡಗೈಯಲ್ಲಿ ಚಿಟಿಕೆಯಷ್ಟು ಹಾಕಿಕೊಂಡು, ಬಲಗೈಯ ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ಹಚ್ಚಿಕೊಳ್ಳುವುದು. ಬೆಳಗಾವಿಯ ಸುತ್ತಿನ ಹಳೆಯ ಕಾಲದ ಹೆಂಗಸರಲ್ಲಿ ಈ ಅಭ್ಯಾಸ ಬಹಳ ಮಂದಿಗೆ ಇದೆ. ಹಲ್ಲುಜ್ಜುವುದಕ್ಕೆ ಎಂದು ಶುರುವಾಗುತ್ತದೆ. ಕೆಲವು ವರ್ಷಗಳಲ್ಲಿ ಹಲ್ಲು ಕೇವಲ ನೆಪವಾಗುತ್ತದೆ. ಗೌರವ್ವ ಅವರಿಗೆ ಈಗ ಎಂಬತ್ತನಾಲ್ಕು. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ ಮದುವೆಯಾಗಿ ಬಂದಾಗ ಅವರ ಸಾಮಾನಿನಲ್ಲಿ ರೊಟ್ಟಿಯ ಹಂಚು ಬೇರೆ, ಮಿಶ್ರಿಯ ಹಂಚು ಬೇರೆ ಇದ್ದವು. ರೊಟ್ಟಿಯ ಹಂಚು ಎಂದೋ ಒಡೆದು ಹೋಯಿತು.

ಮನೆಯಲ್ಲಿ ಹೊಗೆಗೆ ನಿಷೇಧವಿದೆ, ತಂಬಾಕಿಗೆ ಇಲ್ಲ. ಮನೆ ನಿಂತಿರುವುದೇ ಅದರ ಮೇಲೆ. ರವಿವಾರ ಪೇಟೆಯ ತಂಬಾಕಿನ ಸಗಟು ಅಂಗಡಿಯನ್ನು ತೆರೆದವರು ಗುರುಪಾದಪ್ಪ ಅವರ ತಂದೆ. ಅವರ ಕಾಲದಲ್ಲಿ ಹೊಸ ಮಾಲು ಬಂದರೆ, ಚೀಲಕ್ಕೆ ಒಂದರಂತೆ ಎಲೆ ಮೊದಲು ಮನೆಗೆ ಬರುತ್ತಿತ್ತು. ಗೌರವ್ವ ಅದನ್ನು ಹುರಿದು, ಹಚ್ಚಿಕೊಂಡು, ಇರಲಿ ಅಥವಾ ಬ್ಯಾಡ ಎನ್ನುತ್ತಿದ್ದರು. ಅವರು ಬ್ಯಾಡ ಎಂದ ಮಾಲು ಬಂದ ಲಾರಿಯಲ್ಲೇ ವಾಪಸು ಹೋಗುತ್ತಿತ್ತು. ತಂದೆ ತೀರಿಕೊಂಡ ಮೇಲೆ ಗುರುಪಾದಪ್ಪ ಆ ಪದ್ಧತಿಯನ್ನು ನಿಲ್ಲಿಸಿದರು. ಹೆಂಗಸರಿಗೆ ಯಾಕೆ ತೊಂದರೆ ಎಂದು ಅವರು ಕಾರಣ ಕೊಡುತ್ತಾರೆ. ತಾಯಿ ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ಮಗನ ಅಂಗಡಿಯ ತಂಬಾಕನ್ನು ಹಚ್ಚಿಕೊಂಡಾಗಲೆಲ್ಲ ಅದು ಹೇಗಿದೆ ಎಂದೂ ಹೇಳಲಿಲ್ಲ.

ಗುರುಪಾದಪ್ಪ ಅವರ ಅಂಗಡಿಯಲ್ಲಿ ಹೊಗಳಿಕೆಯ ಮಾತು ಒಂದೇ: ಖಡಕ್. ಹಳ್ಳಿಯ ಕಿರಾಣಿ ಅಂಗಡಿಯವರು ಬಂದು ಚಿಟಿಕೆ ಎಲೆಗೆ ಸುಣ್ಣ ತಿಕ್ಕಿ ತುಟಿಯ ಒಳಗಿಡುತ್ತಾರೆ. ಬಿಕ್ಕಳಿಕೆ ಬಂದರೆ ಮಾಲು ಪಾಸು. ಬೆವರಿದರೆ ಇನ್ನೊಂದು ಚೀಲ ಹೆಚ್ಚು. ಒಬ್ಬ ಗಿರಾಕಿ ಒಮ್ಮೆ ಪರೀಕ್ಷೆ ಮಾಡುತ್ತ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ನೀರು ಕುಡಿದು ಎದ್ದು, ಕೇಳಿದ್ದಕ್ಕಿಂತ ಎರಡು ಪಟ್ಟು ಕೊಂಡು ಹೋದರು. ಇಲ್ಲಿ ಒಬ್ಬರ ಮಾಲನ್ನು ಸಪ್ಪ ಎಂದು ಕರೆದರೆ ಅವರು ಕೆಲವು ತಿಂಗಳು ಮಾತು ಬಿಡಬಹುದು.

ಮೂರು ವರ್ಷದ ಹಿಂದೆ ಗೌರವ್ವ ಅವರಿಗೆ ಬೆಳಗಿನ ಮಿಶ್ರಿಯ ನಂತರ ತಲೆ ತಿರುಗಲು ಶುರುವಾಯಿತು. ಎರಡು ಸಲ ಗೋಡೆ ಹಿಡಿದು ನಿಂತರು. ಒಂದು ಸಲ ಗೋಡೆ ಸಿಗಲಿಲ್ಲ, ಸೊಸೆ ಕಾಂತಾ ಸಿಕ್ಕರು. ಮಿಶ್ರಿಯಿಂದಲೇ ಇರಬೇಕೆಂದು ಹಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ಬಾಯಿ ನೋಡಿ, ಇದನ್ನು ಪೂರ್ತಿ ಬಿಡಬೇಕು, ಯಾವ ರೂಪದಲ್ಲೂ ತಂಬಾಕು ಬೇಡ ಎಂದರು. ಸಲಹೆ ಸರಿಯಾದದ್ದು, ಅದನ್ನು ಮನೆಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.

“ನಿನಗೆಷ್ಟಪಾ ವಯಸ್ಸು?” ಎಂದು ಗೌರವ್ವ ಕೇಳಿದರು.

“ನಲವತ್ತೊಂದ್ರಿ ಅಜ್ಜಿ.”

“ನಾ ಹಚ್ಚಾಕತ್ತಿದ್ದು ನೀ ಹುಟ್ಟೂಕ್ಕಿಂತ ಮೊದಲ.”

ಆದರೂ ಬಿಟ್ಟು ನೋಡಿದರು. ಆ ದಿನಗಳನ್ನು ಕಾಂತಾ ನೆನೆಯಲು ಇಷ್ಟಪಡುವುದಿಲ್ಲ. ಗೌರವ್ವ ಬೈಯಲಿಲ್ಲ, ಅಳಲಿಲ್ಲ. ಮಧ್ಯಾಹ್ನದವರೆಗೆ ಗೋಡೆ ನೋಡುತ್ತ ಕೂರುತ್ತಿದ್ದರು. ಮನೆಯಲ್ಲಿ ಪಾತ್ರೆ ಬಿದ್ದರೆ ಬಿದ್ದ ಪಾತ್ರೆಯನ್ನಲ್ಲ, ಬೀಳಿಸಿದವರನ್ನು ನೋಡುತ್ತಿದ್ದರು. ಮತ್ತೆ ಶುರು ಮಾಡಿದಾಗ ತಲೆಸುತ್ತೂ ಮತ್ತೆ ಬಂತು.

“ಕಡಿಮಿ ಹಚ್ಚಿದ್ರ ಹಚ್ಚಿದಂಗ ಆಗಂಗಿಲ್ಲ. ಪೂರಾ ಹಚ್ಚಿದ್ರ ಮನಿ ತಿರಗತೈತಿ” ಎಂದು ಅವರು ಸ್ಥಿತಿಯನ್ನು ವಿವರಿಸಿದರು.

ಹೀಗಿರುವಾಗ ದೀಪಾವಳಿಯ ಅಂಗಡಿ ಪೂಜೆಗೆ ಬಂದ ಮಡಗಾವಿನ ವ್ಯಾಪಾರಿಯೊಬ್ಬರು ಗುರುಪಾದಪ್ಪ ಅವರಿಗೆ ಒಂದು ಮರದ ಪೆಟ್ಟಿಗೆ ಕೊಟ್ಟರು. ಅದರಲ್ಲಿ ಸಿಗಾರ್ ಇದ್ದವು. ಸೇದುವವರು ಮನೆಯಲ್ಲಿ ಇಲ್ಲ, ಕೊಟ್ಟದ್ದನ್ನು ಎಸೆಯುವುದೂ ಸರಿಯಲ್ಲ. ಪೆಟ್ಟಿಗೆ ಗಂಧದ ಮರದ ಹಾಗೆ ವಾಸನೆ ಬರುತ್ತಿದ್ದುದರಿಂದ ಕಾಂತಾ ಅದನ್ನು ದೇವರ ಮನೆಯ ಗೂಡಿನಲ್ಲಿ, ಊದುಬತ್ತಿಯ ಪಕ್ಕದಲ್ಲಿ ಇಟ್ಟರು. ದಪ್ಪ ಜಾತಿಯ ಊದುಬತ್ತಿ ಇರಬೇಕೆಂದು ಅವರು ತಿಳಿದಿದ್ದರು. ಒಮ್ಮೆ ಹಚ್ಚಿಯೂ ನೋಡಿದ್ದರಂತೆ. ಹತ್ತಲಿಲ್ಲ, ಹಸಿ ಇದೆ ಎಂದು ಬಿಟ್ಟರು.

ಒಂದು ಬೆಳಿಗ್ಗೆ ಗೌರವ್ವ ಅವರ ಡಬ್ಬಿಯಲ್ಲಿ ತಂಬಾಕು ಮುಗಿದಿತ್ತು. ದೇವರ ಮನೆಗೆ ಹೋದವರಿಗೆ ಪೆಟ್ಟಿಗೆ ಕಂಡಿತು. ತೆರೆದರು. ಊದುಬತ್ತಿ ಅಲ್ಲವೆಂಬುದು ಅವರಿಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಒಂದನ್ನು ತೆಗೆದು, ಕಾಗದದ ಪಟ್ಟಿ ಕಳಚಿ, ಮೇಲಿನ ಎಲೆಯನ್ನು ಬಿಚ್ಚಿದರು. ಒಳಗೆ ಇನ್ನೊಂದು ಎಲೆ, ಅದರೊಳಗೆ ಉದ್ದಕ್ಕೆ ಮಡಿಸಿದ ಎಲೆಗಳು. ಪುಡಿ ಇಲ್ಲ, ಕಡ್ಡಿ ಇಲ್ಲ. ಸುತ್ತಿದವನ ಕೈ ಪಳಗಿದೆ ಎಂದು ಅಂದುಕೊಂಡು ಹಂಚಿಗೆ ಹಾಕಿದರು.

ಆ ದಿನ ಅವರಿಗೆ ತಲೆ ತಿರುಗಲಿಲ್ಲ. ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಹಾಲು ಕುಡಿದು, ಅಂಗಡಿಗೆ ಹೊರಟಿದ್ದ ಮಗನನ್ನು ಕರೆದರು.

“ಗುರುಪಾದಾ, ಇವತ್ತಿನ ತಂಬಾಕು ಯಾವ ಕಡೀದು?”

ಅಂಗಡಿ ವಹಿಸಿಕೊಂಡ ಮೇಲೆ ತಾಯಿ ತಂಬಾಕಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಗುರುಪಾದಪ್ಪ ಸ್ವಲ್ಪ ಉಬ್ಬಿದರು. “ನಿಪ್ಪಾಣಿ ಕಡೀದವ್ವಾ. ಹೊಸಾ ಮಾಲು.”

“ನಿಪ್ಪಾಣಿ ತಂಬಾಕು ನನಗ ಗೊತ್ತಿಲ್ಲೇನು? ಖರೇ ಹೇಳು.”

ಗುರುಪಾದಪ್ಪ ಹಿತ್ತಲಿಗೆ ಹೋಗಿ ನೋಡಿದಾಗ ಹಂಚಿನ ಬಳಿ ಕೆಂಪು-ಬಂಗಾರದ ಕಾಗದದ ಪಟ್ಟಿ ಬಿದ್ದಿತ್ತು. ಅದರ ಮೇಲಿನ ಹೆಸರನ್ನು ಅವರ ಮಗ ವಿನಯ ಮೊಬೈಲಿನಲ್ಲಿ ಹುಡುಕಿ ಬೆಲೆ ಓದಿದರು. ಗುರುಪಾದಪ್ಪ ಚಪ್ಪಲಿ ಬಿಚ್ಚಿ ವಾಪಸು ಒಳಗೆ ಬಂದು ಕೂತರು. ಅಂದು ಅಂಗಡಿ ತಡವಾಗಿ ತೆರೆಯಿತು.

ಪೆಟ್ಟಿಗೆ ಮುಗಿಯುವವರೆಗೆ ಗೌರವ್ವ ಗೋಡೆ ಹಿಡಿಯಲಿಲ್ಲ. ಮುಗಿದ ದಿನ ಗುರುಪಾದಪ್ಪ ಖಾಲಿ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಕ್ಯಾಂಪಿಗೆ ಹೋದರು.

ಮೊದಮೊದಲು ಅವರಿಗೆ ಏನೂ ತಿಳಿಯಲಿಲ್ಲ. ನಲವತ್ತು ವರ್ಷ ಖಡಕ್ ತಂಬಾಕಿನ ನಡುವೆ ಕೂತ ಮೂಗು ಅದು. ಪ್ರಸಾದ ಕೊಟ್ಟ ಸಿಗಾರ್ ಮೂಸಿ, “ಇದರಾಗ ಏನೂ ಇಲ್ಲಲ್ರಿ” ಎಂದರು. ಪ್ರಸಾದ ಅವರಿಗೆ ನಗು ಬಂತು. “ಅಂಗಡಿಗೆ ಹೋಗೂಕ್ಕಿಂತ ಮೊದಲ ಬರ್ರಿ. ಸ್ನಾನ ಮಾಡಿ ಸೀದಾ ಬರ್ರಿ” ಎಂದು ಹೇಳಿಕೊಟ್ಟರು. ಗುರುಪಾದಪ್ಪ ಹಾಗೆಯೇ ಮಾಡಿದರು. ಆಗ ನಿಧಾನಕ್ಕೆ ಒಂದೊಂದೇ ಸಿಗತೊಡಗಿತು. ಒಣ ಹುಲ್ಲಿನ ಬಣವೆಯ ವಾಸನೆ. ಹುರಿದ ಶೇಂಗಾದ ಸಿಪ್ಪೆ. ಹಾಲು ಆರಿದಾಗ ಮೇಲೆ ಕಟ್ಟುವ ಕೆನೆ. ಮೂಗು ಸುಡದ ತಂಬಾಕಿನಲ್ಲಿ ಇಷ್ಟೆಲ್ಲ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಅಂಗಡಿಗೆ ಬರುವವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಈಗ ಕೇಳಿದರೆ ಅವರು ಆತುರವಿಲ್ಲದೆ ವಿವರಿಸುತ್ತಾರೆ. ಹೊದಿಕೆಯ ಎಲೆ ಗೋಧಿ ಚಪಾತಿಯ ಬಣ್ಣಕ್ಕಿರಬೇಕು. ಅಂಥ ಎಲೆಯನ್ನು ಹೊಲದ ಮೇಲೆ ಬಟ್ಟೆ ಕಟ್ಟಿ, ನೆರಳಿನಲ್ಲಿ ಬೆಳೆಯುತ್ತಾರೆ, ನರ ದಪ್ಪವಾಗುವುದಿಲ್ಲ. ಹಿಸುಕಿದರೆ ತಗ್ಗಬೇಕು, ಬಿಟ್ಟರೆ ಎದ್ದು ಬರಬೇಕು. ಕಿವಿಯ ಹತ್ತಿರ ಚರಚರ ಎಂದರೆ ಒಣಗಿದೆ, ಬೇಡ. ಹಂಚಿನ ಮೇಲೆ ಹಾಕಿದಾಗ ಒರಟು ತಂಬಾಕಿನ ಹೊಗೆ ನೀಲಿಯಾಗಿ ಎದ್ದು ನೇರ ಕಣ್ಣಿಗೆ ಬರುತ್ತದೆ. ಇದರದು ಬಿಳಿ, ಎದ್ದು ಅಲ್ಲೇ ನಿಲ್ಲುತ್ತದೆ. ಬೆಣ್ಣೆ ಕಾಯಿಸಿದ ಪಾತ್ರೆಯ ತಳದ ವಾಸನೆ ಬಂದಾಗ ಇಳಿಸಬೇಕು. ಸಿಗಾರ್‌ಗಳನ್ನು ಅವರು ಖಾನಾಪುರದ ಮಣ್ಣಿನ ಗಡಿಗೆಯಲ್ಲಿಟ್ಟು, ಗಡಿಗೆಯನ್ನು ಹಸಿ ಉಸುಕಿನ ಮೇಲೆ ಕೂರಿಸುತ್ತಾರೆ. ಕಾಂತಾ ಮೊದಲು ಅದೇ ಗಡಿಗೆಯಲ್ಲಿ ಮಜ್ಜಿಗೆ ಇಡುತ್ತಿದ್ದರು.

ಈ ಸುದ್ದಿ ರವಿವಾರ ಪೇಟೆಗೆ ತಲುಪಲು ಬಹಳ ಸಮಯ ಹಿಡಿಯಲಿಲ್ಲ. ಎದುರು ಅಂಗಡಿಯ ಬಾಳೇಶ ಅವರೂ ತಂಬಾಕಿನವರೇ. ಒಂದು ದಿನ ಗಿರಾಕಿಗಳ ಮುಂದೆಯೇ ಕೇಳಿದರು.

“ಗುರುಪಾದಪ್ಪಾರ, ನಿಮ್ಮ ಮಾಲು ನಿಮ್ಮ ಮನ್ಯಾಗ ನಡ್ಯಂಗಿಲ್ಲಂತಲ್ರಿ. ಹೌದೇನು?”

“ಅವ್ವಗ ವಯಸ್ಸಾಗೇತಿ, ಬಾಳೇಶ.”

“ಅಲ್ರಿ, ವಯಸ್ಸಾದವ್ರು ನನ್ನ ಕಡೆನೂ ಬರ್ತಾರ. ಸಪ್ಪಂದು ಕೊಡು ಅಂತ ಯಾರೂ ಕೇಳಿಲ್ಲ.”

ಗುರುಪಾದಪ್ಪ ತಕ್ಕಡಿಯ ಕಡೆ ತಿರುಗಿದರು. ಅದು ಕಳೆದ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ನಿಜವಾದ ತೊಂದರೆ ಬಂತು. ಕೆಂಪು-ಬಂಗಾರದ ಪಟ್ಟಿಯ ಆ ಸಿಗಾರ್ ಇನ್ನು ಬರುವುದಿಲ್ಲ ಎಂದು ಪ್ರಸಾದ ಹೇಳಿದರು. ಬದಲಿಗೆ ಇನ್ನೊಂದು ಕೊಟ್ಟರು. ಅದನ್ನು ಹಚ್ಚಿಕೊಂಡ ದಿನ ಗೌರವ್ವ ತುಳಸಿ ಕಟ್ಟೆ ಹಿಡಿದು ಕೂತರು. ಮೂರನೆಯದರಲ್ಲಿ ಬರೀ ಚೂರುಗಳಿದ್ದವು. ಅವರು ಅದನ್ನು ಹಂಚಿಗೂ ಹಾಕಲಿಲ್ಲ.

ಆಗ ಗುರುಪಾದಪ್ಪ ತಮ್ಮ ಮಟ್ಟಿಗೆ ದೊಡ್ಡ ತಪ್ಪೊಂದನ್ನು ಮಾಡಿದರು. ಅಂಗಡಿಯ ಎಲೆಯನ್ನು ತಂದು, ಬಿಸಿನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಒಣಗಿದ ವೀಳ್ಯದೆಲೆ ಸೇರಿಸಿ, ಸಿಗಾರಿನ ಆಕಾರಕ್ಕೆ ಸುತ್ತಿದರು. ಹಳೆಯ ಕೆಂಪು-ಬಂಗಾರದ ಪಟ್ಟಿಯೊಂದನ್ನು ಎತ್ತಿಟ್ಟಿದ್ದರು. ಅದನ್ನೂ ತೊಡಿಸಿದರು. ನೋಡಲು ಚೆನ್ನಾಗಿತ್ತು ಎಂದು ವಿನಯ ಸಾಕ್ಷಿ ಹೇಳುತ್ತಾರೆ.

ಗೌರವ್ವ ಪಟ್ಟಿಯನ್ನು ನೋಡಲೇ ಇಲ್ಲ. ಹುರಿದರು, ಹಚ್ಚಿಕೊಂಡರು, ಕೂಡಲೇ ಎದ್ದು ಉಗುಳಿದರು.

“ಇದನ್ನ ತೊಳದೀ” ಎಂದರು.

ಗುರುಪಾದಪ್ಪ ಕೆಳಗೆ ಬಿದ್ದಿದ್ದ ಪಟ್ಟಿಯನ್ನು ಹೆಕ್ಕಿದರು.

“ಅರಿವಿ ತೊಳಿಯೂದು ನೋಡಿದ್ದೆ. ತಂಬಾಕು ತೊಳಿಯೂದು ಇವತ್ತ ನೋಡಿದೆ.” ಬಾಯಿ ಮುಕ್ಕಳಿಸಿ ಬಂದು ಮುಂದುವರಿಸಿದರು. “ಸೋಮವಾರ ಪಾರಿಶ್ವಾಡಕ್ಕ ಹೋಗ್ತೀನಿ. ಗಂಗಾದೇವಿ ಕಡೆ ಹಳೇ ಎಲಿ ಐತಿ. ಅಟ್ಟದ ಮ್ಯಾಲ ಇಟ್ಟು ಇಟ್ಟು ಖಾರ ಇಳದೈತಿ ಅಂದಾಳ. ಅಲ್ಲೇ ಇರ್ತೀನಿ.”

ಗಂಗಾದೇವಿ ಗೌರವ್ವ ಅವರ ತಂಗಿ. ಪಾರಿಶ್ವಾಡದಲ್ಲಿ ಮಕ್ಕಳು, ಮೊಮ್ಮಕ್ಕಳು, ಎಮ್ಮೆಗಳೊಂದಿಗೆ ತುಂಬಿದ ಮನೆ. ಅಕ್ಕ ಬಂದರೆ ಅವರಿಗೆ ಸಂತೋಷವೇ. ಹೋಗುವುದರಲ್ಲಿ ಗೌರವ್ವ ಅವರಿಗೆ ಕಷ್ಟವೇನೂ ಇರಲಿಲ್ಲ. ಕಷ್ಟವೆಲ್ಲ ಗುರುಪಾದಪ್ಪ ಅವರದಾಗಿತ್ತು. ತಂಬಾಕಿನ ವ್ಯಾಪಾರಿಯ ತಾಯಿ ತಂಬಾಕು ಸಿಗದೆ ಮನೆ ಬಿಟ್ಟು ಹೋದರು ಎಂದು ರವಿವಾರ ಪೇಟೆ ಹೇಳುತ್ತದೆ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಅದು ನಿಜವಾಗಿರುತ್ತದೆ ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ತಾಯಿ ಇಲ್ಲದ ಹಿತ್ತಲನ್ನು ಅವರು ನೋಡಿದವರೂ ಅಲ್ಲ.

ಗೌರವ್ವ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟರು. ಗುರುಪಾದಪ್ಪ ಪ್ರಸಾದ ಅವರಿಗೆ ಫೋನ್ ಮಾಡಿದರು.

“ರವಿವಾರ ಖಾನಾಪುರದಾಗ ಒಂದು ಕಾರ್ಯಕ್ರಮ ಐತ್ರಿ” ಎಂದರು ಪ್ರಸಾದ. “ಕಾಡಿನ ಬಾಜೂಕ ರಿಸಾರ್ಟ್ ಐತಲ್ಲ, ಅಲ್ಲಿ. ಗೋವಾದ ಕಂಪನಿಯವರು ಸಿಗಾರ್ ರುಚಿ ತೋರಸಾಕ ಬರಾಕತ್ತಾರ. ಹಗುರಂದು ಹೊಸದು ತಂದಾರಂತ. ನನ್ನ ಪಾಸ್ ಮ್ಯಾಲ ನೀವ ಹೋಗ್ರಿ.”

ಭಾನುವಾರ ಮಧ್ಯಾಹ್ನ ವಿನಯ ಕಾರಿನಲ್ಲಿ ತಂದೆಯನ್ನು ಕರೆದುಕೊಂಡು ಹೋದರು. ಮಲಪ್ರಭೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮೂಗು ಸ್ವಚ್ಛವಾಗಿರಲಿ ಎಂದು ಗುರುಪಾದಪ್ಪ ಶನಿವಾರ ಅಂಗಡಿಗೆ ಹೋಗಿರಲಿಲ್ಲ. ಧೋತರವನ್ನು ಎರಡು ಸಲ ಒಗೆಸಿ, ನೆರೆಮನೆಯಲ್ಲಿ ಒಣಗಿಸಿದ್ದರು.

ಅಷ್ಟಾದರೂ ಸಾಲಲಿಲ್ಲ. ರಿಸಾರ್ಟಿನ ಜಗುಲಿಯಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ಗುರುಪಾದಪ್ಪ ಕೂತ ಸ್ವಲ್ಪ ಹೊತ್ತಿಗೆ ಅವರ ಎಡಗಡೆಯ ಫೌಂಡ್ರಿ ಮಾಲೀಕರು ಸೀನಿದರು. ಬಲಗಡೆಯವರು ಕರವಸ್ತ್ರ ತೆಗೆದರು. ಕಾರ್ಯಕ್ರಮ ನಡೆಸುತ್ತಿದ್ದ ನಿಖಿತಾ ಹತ್ತಿರ ಬಂದರು. ಅವರೂ ಬೆಳಗಾವಿಯವರೇ, ಈಗ ಪಣಜಿಯಲ್ಲಿ ಕೆಲಸ.

“ಕಾಕಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಟೋಪಿಗೆ ಭಾಳ ಖಡಕ್ ವಾಸನಿ ಐತಿ. ಆ ಕಂಬದ ಕಡೆ ಕುಂದರ್ತೀರೇನು? ಗಾಳಿ ಆ ಕಡೆ ಹೊಂಟೈತಿ.”

ಟೋಪಿಯನ್ನು ಒಗೆಸಲು ಮರೆತಿದ್ದರು. ಗುರುಪಾದಪ್ಪ ಎದ್ದು ಕಂಬದ ಹತ್ತಿರ ಹೋದರು. ಅಲ್ಲಿ ಆಗಲೇ ಒಬ್ಬರು ಕೂತಿದ್ದರು: ಗೌರವ್ವ ಅವರಿಗೆ ಯಾವ ರೂಪದಲ್ಲೂ ತಂಬಾಕು ಬೇಡ ಎಂದಿದ್ದ ಹಲ್ಲಿನ ಡಾಕ್ಟರರು. ಕೈಯಲ್ಲಿ ಹೊತ್ತಿಸಿದ ಸಿಗಾರ್ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿ ನಮಸ್ಕಾರ ಮಾಡಿ, ಮಳೆಯ ಕಡೆ ತಿರುಗಿ ಕೂತರು.

ನಿಖಿತಾ ಮೂರು ಬಗೆಯ ಸಿಗಾರ್ ಹಂಚಿದರು. ನಿಧಾನಕ್ಕೆ ಎಳೆಯಬೇಕು, ಹೊಗೆ ಗಂಟಲಿಗೆ ಇಳಿಯಬಾರದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ ಬಿಡಬೇಕು ಎಂದು ಹೇಳಿದರು. ಏನು ನೆನಪಾಗುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರು ಬಾದಾಮಿ ಎಂದರು. ಇನ್ನೊಬ್ಬರು ಹಳೆಯ ಚರ್ಮದ ಕುರ್ಚಿ ಎಂದರು. ಫೌಂಡ್ರಿ ಮಾಲೀಕರು ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, ಫೌಂಡ್ರಿ ಎಂದರು.

“ನಿಮಗ, ಕಾಕಾ? ನೀವಿನ್ನೂ ಹಚ್ಚೇ ಇಲ್ಲ.”

“ಹಂಚು ಸಿಗತೈತೇನವಾ?” ಎಂದು ಗುರುಪಾದಪ್ಪ ಕೇಳಿದರು.

“ಏನಂದ್ರಿ?”

“ರೊಟ್ಟಿ ಹಂಚು. ಮಣ್ಣಿಂದಾದ್ರ ಚೊಲೊ. ಇಲ್ಲಂದ್ರ ಕಬ್ಬಣದ್ದೂ ನಡೀತೈತಿ.”

ಜಗುಲಿಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಯಾರಿಗೂ ಅರ್ಥವಾಗಲಿಲ್ಲ. ನಿಖಿತಾ ಅವರನ್ನು ಅಡುಗೆ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಭೀಮಕ್ಕ ಎಂಬ ಹತ್ತಿರದ ಹಳ್ಳಿಯ ಹೆಂಗಸು ಸಂಜೆಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದರು. ಭೀಮಕ್ಕ ಗುರುಪಾದಪ್ಪ ಅವರ ಕೈಯಲ್ಲಿದ್ದ ಮೂರು ಸಿಗಾರ್ ನೋಡಿದರು, ಅವರ ಮುಖ ನೋಡಿದರು.

“ಮಿಶ್ರಿಗೇನ್ರಿ?”

“ಹೂಂ.”

“ಮನಿಯವ್ರಿಗೋ?”

“ಅವ್ವಗ. ಎಂಬತ್ನಾಕ ವಯಸ್ಸು.”

“ಹಂಗಾರ ಉರಿ ಸಣ್ಣ ಇಡ್ರಿ” ಎಂದು ಭೀಮಕ್ಕ ಅಕ್ಕಿ ಚೀಲದ ಹಿಂದಿನಿಂದ ಒಂದು ಸಣ್ಣ ಹಂಚು ತೆಗೆದುಕೊಟ್ಟರು. ಅದು ಅವರ ಸ್ವಂತದ್ದು. “ಮ್ಯಾನೇಜರ್‌ಗ ಹೇಳಬ್ಯಾಡ್ರಿ ಮತ್ತ. ಅವ ಅಡಗಿ ಮನ್ಯಾಗ ಬ್ಯಾಡ ಅಂದಾನ.”

ಗುರುಪಾದಪ್ಪ ಮೊದಲನೆಯದನ್ನು ಬಿಚ್ಚಿ ಹುರಿದರು. ಬೇಗ ಕಪ್ಪಾಯಿತು, ಮೂಗಿಗೆ ಚುಚ್ಚಿತು. ಬದಿಗಿಟ್ಟರು. ಎರಡನೆಯದರ ವಾಸನೆ ಚೆನ್ನಾಗಿತ್ತು. ಭೀಮಕ್ಕ ಹಿಟ್ಟಿನ ಕೈ ಒರೆಸಿಕೊಂಡು ಚಿಟಿಕೆ ತೆಗೆದು ಹಚ್ಚಿಕೊಂಡರು. ಎರಡು ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಬಿಕ್ಕಳಿಕೆ ಬಂತು, ಹೋಗಿ ಉಗುಳಿ ಬಂದರು.

“ಇದು ನಿಮ್ಮ ಪ್ಯಾಟಿಗೆ ಚೊಲೊ” ಎಂದರು. “ಅವ್ವಾರಿಗೆ ಬ್ಯಾಡ.”

ಮೂರನೆಯದು ತೆಳು ಬಣ್ಣದ್ದು. ಹಂಚಿನ ಮೇಲೆ ಹಾಕಿದಾಗ ಹೊಗೆ ಬಿಳಿಯಾಗಿ ಎದ್ದು ಅಲ್ಲೇ ನಿಂತಿತು. ಗುರುಪಾದಪ್ಪ ಬಾಗಿ ಮೂಸಿದರು, ಉರಿ ಇನ್ನಷ್ಟು ಇಳಿಸಿದರು, ಕೈಯಿಂದ ಎಲೆಯನ್ನು ತಿರುವುತ್ತ ಕಾದರು. ಜಗುಲಿಯಲ್ಲಿದ್ದವರು ವಾಸನೆ ಹಿಡಿದು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಡಾಕ್ಟರರು ಎಲ್ಲರ ಹಿಂದೆ ಇದ್ದರು. ಭೀಮಕ್ಕ ಬಾಯಿ ಮುಕ್ಕಳಿಸಿ ಬಂದು ಇದನ್ನು ಹಚ್ಚಿಕೊಂಡರು. ಒಂದು ರೊಟ್ಟಿ ಆಯಿತು. ಇನ್ನೊಂದು ಆಯಿತು.

ಕೊನೆಗೆ ಹಿತ್ತಲಿಗೆ ಹೋಗಿ ಬಾಯಿ ತೊಳೆದು ಬಂದರು.

“ಹೆಂಗ ಅನಸ್ತು?” ಎಂದು ನಿಖಿತಾ ಕೇಳಿದರು.

“ಏನೂ ಅನಸಲಿಲ್ರಿ” ಎಂದರು ಭೀಮಕ್ಕ. ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಂಡು ಸ್ವಲ್ಪ ಯೋಚಿಸಿದರು. “ಆದ್ರ ಉಗಳಬೇಕು ಅಂತನೂ ಅನಸಲಿಲ್ಲ.”

ನಿಖಿತಾ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು. ಗುರುಪಾದಪ್ಪ ಮೂರನೆಯ ಜಾತಿಯ ಒಂದು ಪೆಟ್ಟಿಗೆ ಕೊಂಡರು. ಇದು ಮುಂದೆಯೂ ಬರುತ್ತದೆಯೇ ಎಂದು ಎರಡು ಸಲ ಕೇಳಿದರು. ಬರುತ್ತದೆ ಎಂದು ನಿಖಿತಾ ಎರಡು ಸಲ ಹೇಳಿದರು. ವಾಪಸು ಬರುವ ದಾರಿಯುದ್ದಕ್ಕೂ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ಟೋಪಿ ಕಾರಿನ ಡಿಕ್ಕಿಯಲ್ಲಿತ್ತು.

ಮನೆಗೆ ಬಂದಾಗ ಗೌರವ್ವ ಮಲಗಿದ್ದರು. ಬಾಗಿಲ ಹತ್ತಿರದ ಗಂಟಿನ ಮೇಲೆ ಈಗ ಒಂದು ಕೊಡೆಯೂ ಇತ್ತು.

ಸೋಮವಾರ ಬೆಳಿಗ್ಗೆ ಕಾಂತಾ ಬುತ್ತಿ ಕಟ್ಟಿದರು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಅತ್ತೆಯನ್ನು ಇರಿ ಎಂದು ಅವರು ಹೇಳಲಿಲ್ಲ. ಹೇಳಿದರೆ ಇನ್ನೂ ಬೇಗ ಹೊರಡುತ್ತಾರೆ ಎಂಬುದು ಅವರ ಅನುಭವ. ಗುರುಪಾದಪ್ಪ ಹಿತ್ತಲಲ್ಲಿ ತಾವೇ ಹಂಚಿನ ಮುಂದೆ ಕೂತಿದ್ದರು. ಈ ಸಲ ಕಾಗದದ ಪಟ್ಟಿಯನ್ನು ಮೊದಲೇ ಕಳಚಿ ಬಿಸಾಡಿದ್ದರು. ಹುರಿದು, ಆರಿಸಿ, ಅಂಗೈಯಲ್ಲಿ ತಿಕ್ಕಿ, ತಾಯಿಯ ಎಡಗೈಗೆ ಹಾಕಿದರು.

“ಹಚ್ಕೊಂಡು ಹೋಗವ್ವಾ. ಬಸ್ಸಿಗೆ ಇನ್ನೂ ಟೈಮ್ ಐತಿ.”

ಗೌರವ್ವ ಪುಡಿಯನ್ನು ನೋಡಿದರು. ಮಗನನ್ನು ನೋಡಲಿಲ್ಲ. ಬೆರಳಿನಿಂದ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತರು.

ಮಿಶ್ರಿ ಬಾಯಲ್ಲಿರುವಾಗ ಮಾತನಾಡಲು ಆಗುವುದಿಲ್ಲ. ಈ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು, ಆ ಹೊತ್ತಿನಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಗುರುಪಾದಪ್ಪ ತುಳಸಿ ಕಟ್ಟೆಯ ಹತ್ತಿರ ನಿಂತರು. ಕಾಂತಾ ಅಡುಗೆ ಮನೆಯ ಬಾಗಿಲಲ್ಲಿ ನಿಂತರು. ವಿನಯ ಕಾರಿನ ಕೀಲಿ ಹಿಡಿದು ನಡುಮನೆಯಲ್ಲಿ ನಿಂತರು. ಗೌರವ್ವ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಪುಡಿಯನ್ನು ಸರಿಸಿ, ನೆರೆಮನೆಯ ಪೇರಲ ಗಿಡ ನೋಡುತ್ತ ಕೂತಿದ್ದರು. ಒಮ್ಮೆ ಬಲಗೈ ಎತ್ತಿದರು. ಮೂವರೂ ಒಂದು ಹೆಜ್ಜೆ ಮುಂದೆ ಬಂದರು. ಅವರು ತೋರಿಸಿದ್ದು ಒಲೆಯನ್ನು, ಹಾಲು ಉಕ್ಕುತ್ತಿತ್ತು. ಕಾಂತಾ ಹೋಗಿ ಇಳಿಸಿ ಬಂದರು.

ಗೌರವ್ವ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಬಸ್ಸಿನ ಸಮಯ ಮೀರುತ್ತಿತ್ತು, ವಿನಯ ಗಡಿಯಾರ ನೋಡಿದರು. ಆಮೇಲೆ ಗೌರವ್ವ ಮೊಣಕಾಲಿನ ಮೇಲೆ ಕೈಯಿಟ್ಟು ಎದ್ದರು. ಯಾವ ಗೋಡೆಯನ್ನೂ ಹಿಡಿಯಲಿಲ್ಲ. ನಳದ ಹತ್ತಿರ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದರು.

“ಇದು ನಮ್ಮ ಅಂಗಡೀದೇನು?” ಎಂದು ಕೇಳಿದರು.

ಬೇರೆಯವರ ಮಾಲು ತಮ್ಮದಕ್ಕಿಂತ ಚೊಲೊ ಎಂದು ಗುರುಪಾದಪ್ಪ ರವಿವಾರ ಪೇಟೆಯಲ್ಲಿ ಒಮ್ಮೆಯೂ ಒಪ್ಪಿದವರಲ್ಲ.

“ಅಲ್ಲವ್ವಾ.”

“ತೊಳದದ್ದು?”

“ಅಲ್ಲ.”

“ಹಂಗಾರ ಇರ್ತೀನಿ” ಎಂದರು ಗೌರವ್ವ. “ಕಾಂತಾ, ಆ ಬುತ್ತಿ ಬಿಚ್ಚವಾ. ಹಸಿವಿ ಆಗೇತಿ.”